ಮುಂದಿನ ಸೀಟಲ್ಲ, ನಡುವಿನ ಕೋಣೆ

ಶಾಲು ಹೊದಿಸಿ ಕೈಗೆ ಹಣ್ಣಿನ ಬುಟ್ಟಿ ಕೊಟ್ಟರೆ ನಮ್ಮ ಕಡೆ ಅದು ನಿವೃತ್ತಿಯೇ. ವಯಸ್ಸು ಯಾರೂ ಕೇಳುವುದಿಲ್ಲ. ನನಗೆ ಮೂವತ್ತಮೂರು. ಮಾರ್ಚ್ ೩೧ರ ಸಂಜೆ ಶಿರಾಳಕೊಪ್ಪದ ನಮ್ಮ ಪ್ರವಾಸ ಕಚೇರಿಯ ಮಾಲೀಕರಾದ ಚನ್ನಬಸಪ್ಪನವರು ಆ ಎರಡನ್ನೂ ನನಗೆ ಕೊಟ್ಟು, "ಇವತ್ತಿಗೆ ನಮ್ ಸವಿತಾ ರಿಟೈರ್ಡು" ಎಂದು ಘೋಷಿಸಿದರು. ಆಮೇಲೆ ಎಲ್ಲರಿಗಿಂತ ಜೋರಾಗಿ ತಾವೇ ನಕ್ಕರು. ಒಂಬತ್ತು ವರ್ಷ, ಒಂದು ತಿಂಗಳು, ಹದಿನಾರು ದಿನಗಳ ಕೆಲಸ ಅಲ್ಲಿಗೆ ಮುಗಿಯಿತು. ಈಗ ಶಿಕಾರಿಪುರದಲ್ಲಿ ಅತ್ತಿಗೆಯ ಜೊತೆ ಸೇರಿ ನೋಟ್‌ಬುಕ್ ಹೊಲಿಯುವ ಅಂಗಡಿ ಇಟ್ಟಿದ್ದೇನೆ. ನನ್ನ ಗೀಳು ಗೊತ್ತಿದ್ದವರು ಯಾರೂ ಇದಕ್ಕೆ ಆಶ್ಚರ್ಯಪಡಲಿಲ್ಲ.

ನನ್ನ ಕುರ್ಚಿಗೆ ಈಗ ಇಬ್ಬರು ಹೊಸಬರು ಬಂದಿದ್ದಾರೆ. "ಹಡಗಿನ ಕೌಂಟರಿನಲ್ಲಿ ಕೆಲಸ ಏನಿರುತ್ತದೆ ಅಕ್ಕ?" ಎಂದು ಅವರು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಕೆಲಸ ಒಂದೇ. ಸಮುದ್ರಯಾನಕ್ಕೆ ಹೊರಟವರಿಗೆ ತೂಗಾಟ ಕಡಿಮೆ ಇರುವ, ಗದ್ದಲ ಕಡಿಮೆ ಇರುವ ಕೋಣೆ ಆರಿಸಿ ಕೊಡುವುದು. ನನ್ನ ನಾಲ್ಕು ದಪ್ಪ ಪುಸ್ತಕಗಳ ಲೆಕ್ಕದ ಪ್ರಕಾರ ಆರುನೂರ ಹನ್ನೆರಡು ಜನರಿಗೆ ಮುನ್ನೂರ ನಾಲ್ಕು ಕೋಣೆ ಆರಿಸಿದ್ದೇನೆ. ಇದರಲ್ಲಿ ಮೊದಲ ಎಂಟು ವರ್ಷ ನಾನು ಹಡಗು ಹತ್ತಿರಲಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಗ್ರಾಹಕರಿಗೆ ಮಾತ್ರ ಇದನ್ನು ಹೇಳುತ್ತಿರಲಿಲ್ಲ.

ಕಚೇರಿ ಶುರುವಾದದ್ದು ಕಾಶಿ, ಶ್ರೀಶೈಲದ ಬಸ್ ಯಾತ್ರೆಗಳಿಂದ. ಶಿರಾಳಕೊಪ್ಪದ ಜೋಳದ ವ್ಯಾಪಾರಿಯೊಬ್ಬರು ಮುಂಬೈಯಿಂದ ಹಡಗಿನಲ್ಲಿ ಹೋಗಿ ಬಂದು ಫೋಟೋ ತೋರಿಸಿದ ಮೇಲೆ ಊರಿನ ಅಂಗಡಿಸಾಲಿನವರಿಗೆಲ್ಲ ಅದರ ಹುಚ್ಚು ಹತ್ತಿತು. ಚನ್ನಬಸಪ್ಪನವರು ಕಿಟಕಿಯ ಪಕ್ಕ ಒಂದು ಮೇಜು ಹಾಕಿಸಿ, "ಹಡಗು" ಎಂದು ಬೋರ್ಡು ಬರೆಸಿ, ನನ್ನನ್ನು ಕೂರಿಸಿದರು. ಫೆಬ್ರವರಿ ೧೫. ಹಡಗಿನ ಒಂದೊಂದು ಮಹಡಿಯ ನಕ್ಷೆ ಇರುವ ಹಾಳೆಗಳ ಕಟ್ಟು ನನ್ನ ಮುಂದಿಟ್ಟರು.

"ಏನಿಲ್ಲಮ್ಮ, ಮನೆ ಪ್ಲಾನ್ ಇದ್ದಂಗ. ಬಾಗ್ಲು ಎಲ್ಲಿ ಐತಿ, ಬಚ್ಚಲು ಎಲ್ಲಿ ಐತಿ ನೋಡ್ಕೊಂಡ್ರ ಮುಗೀತು."

ಮುಗಿಯಲಿಲ್ಲ. ಎರಡೇ ತಿಂಗಳಲ್ಲಿ ನನ್ನ ವೃತ್ತಿಜೀವನದ ದೊಡ್ಡ ತಪ್ಪನ್ನು ಮಾಡಿದೆ. ಉಳಿದದ್ದೆಲ್ಲ ಆ ತಪ್ಪಿನಿಂದಲೇ ಹುಟ್ಟಿದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಸೊರಬದ ಹತ್ತಿರದ ಉಳವಿಯಿಂದ ಶಾರದಾ ಅಕ್ಕೋರು ಬಂದರು. ಶಾಲೆಯ ಟೀಚರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಮೂವತ್ತೊಂದು ವರ್ಷ ಪಾಠ ಮಾಡಿ ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. ತೆಳ್ಳಗಿನ ಆಳು, ದಪ್ಪ ಕನ್ನಡಕ, ಚೀಲದಲ್ಲಿ ಯಾವಾಗಲೂ ಎರಡು ನಿಂಬೆಹಣ್ಣು. ಅವರಿಗೆ ಬೇಕಾಗಿದ್ದದ್ದು ವಿಚಿತ್ರವಾದ ಒಂದು ಯಾನ. ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಒಂದು ಹಡಗು ಮುಂಬೈಯ ಸೀಸನ್ ಮುಗಿಸಿ ಸೇಶೆಲ್ಸ್ ದ್ವೀಪಗಳ ಕಡೆ ಹೋಗುತ್ತಿತ್ತು. ಆರು ದಿನ, ನಡುವೆ ಎಲ್ಲೂ ನೆಲವಿಲ್ಲ. ಬರುವಾಗ ವಿಮಾನ.

"ಅಕ್ಕೋರೇ, ಅದರಲ್ಲಿ ನೋಡೋಕೆ ಏನೂ ಸಿಗೋದಿಲ್ಲ. ಬರೀ ನೀರು" ಎಂದೆ.

"ನೀರೇ ಬೇಕು ಮಾರಾಯ್ತಿ. ಅದು ಸಮಭಾಜಕ ವೃತ್ತ ದಾಟ್ತದೆ."

ಅವರ ಶಾಲೆಯ ಭೂಗೋಳದ ಗುಂಡಿನ ಮೇಲೆ ಆ ಗೆರೆ ಮಕ್ಕಳ ಬೆರಳು ಉಜ್ಜಿ ಉಜ್ಜಿ ಅಳಿಸಿ ಹೋಗಿತ್ತಂತೆ. ಪ್ರತಿ ಜೂನ್‌ನಲ್ಲಿ ಅಕ್ಕೋರೇ ಕೆಂಪು ಇಂಕಿನಲ್ಲಿ ಹೊಸದಾಗಿ ಎಳೆಯುತ್ತಿದ್ದರು. ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಸಾಗರ ತುಂಬಿ, ನಡುವೆ ಬಿಳಿ ಗೆರೆ. "ಮೂವತ್ತೊಂದು ಸಲ ಎಳೆದಿದ್ದೇನೆ. ಒಂದ್ಸಲ ದಾಟ್ಬೇಕು" ಎಂದರು. ಆಮೇಲೆ ದನಿ ತಗ್ಗಿಸಿ, "ಒಂದೇ ತಾಪತ್ರಯ. ನಂಗೆ ಸೊರಬಕ್ಕೆ ಹೋಗೋ ಬಸ್ಸಲ್ಲೇ ವಾಂತಿ ಆಗ್ತದೆ" ಎಂದರು.

ನಮ್ಮ ಬಸ್ಸುಗಳಲ್ಲಿ ವಾಂತಿಯವರಿಗೆ ಒಂದು ಮರ್ಯಾದೆ ಇದೆ. ಯಾರಾದರೂ ಮುಖ ಹುಳ್ಳಗೆ ಮಾಡಿಕೊಂಡು ಹತ್ತಿದರೆ ಸಾಕು, ಮುಂದಿನ ಸೀಟಿನವರು ಎದ್ದು ಜಾಗ ಬಿಡುತ್ತಾರೆ. ಅದಕ್ಕೂ ಮುಂಚೆ ಕಿಟಕಿಯಿಂದ ಟವೆಲ್ ಎಸೆದು ಆ ಸೀಟು ಹಿಡಿದವನೂ ಬಿಡುತ್ತಾನೆ. ಮುಂದೆ ಕೂತರೆ ರಸ್ತೆ ಕಾಣುತ್ತದೆ, ಗಾಳಿ ಬರುತ್ತದೆ, ಹೊಟ್ಟೆ ತೊಳಸುವುದಿಲ್ಲ. ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ವಿಷಯ ಇದು. ನಾನು ನಕ್ಷೆ ಬಿಡಿಸಿ, ಹಡಗಿನ ಮೂತಿಯ ತುದಿಯಲ್ಲೇ, ಎಂಟನೇ ಮಹಡಿಯಲ್ಲಿ, ಎದುರಿಗೆ ದೊಡ್ಡ ಕಿಟಕಿ ಇರುವ ಕೋಣೆ ಆರಿಸಿದೆ.

"ಮುಂದಿನ ಸೀಟಾ?" ಅಕ್ಕೋರ ಮುಖ ಅರಳಿತು. "ಒಳ್ಳೇದಾಯ್ತು ಬಿಡು."

ಚನ್ನಬಸಪ್ಪನವರೂ ನಕ್ಷೆಗೆ ಬಗ್ಗಿ ನೋಡಿ, "ಡ್ರೈವರ್ ಪಕ್ಕಾನ ಕೊಟ್ಟೀಯಲ್ಲ, ಶಾಣ್ಯಾಕಿ" ಎಂದು ಮೆಚ್ಚಿಕೊಂಡರು. ಮೂವರೂ ಬಸ್ಸಿನವರು. ಹಡಗು ಬಸ್ಸಲ್ಲ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಏಪ್ರಿಲ್ ೨೪, ನನ್ನ ದಿನಚರಿಯಲ್ಲಿ ಇರುವುದು ಒಂದೇ ಸಾಲು: "ಉಳವಿ ಅಕ್ಕೋರು ಬಂದರು. ಕೂರಲಿಲ್ಲ."

ಅವರು ಬೈಯಲಿಲ್ಲ. ಕೋಣೆಯ ಬೀಗದ ಕಾರ್ಡನ್ನು ಮೇಜಿನ ಮೇಲಿಟ್ಟು, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲೇ ಹೇಳಿದರು. "ನೋಡು ಸವಿತಾ, ಹಲಗೆ ಮೇಲೆ ಮಕ್ಕಳು ಆ ತುದಿಗೊಬ್ಬ ಈ ತುದಿಗೊಬ್ಬ ಕೂತು ಮೇಲೆ ಕೆಳಗೆ ಆಡ್ತಾರಲ್ಲ, ಹಡಗು ಅದರ ಹಾಗೆ. ನೀನು ನನ್ನ ತುದೀಲಿ ಕೂರ್ಸಿದೆ. ಮೂತಿ ಮೇಲೆ ಏಳ್ತಿತ್ತು, ದಬ್ ಅಂತ ಬೀಳ್ತಿತ್ತು. ಐದು ದಿನ ಹಾಸಿಗೆ ಬಿಟ್ಟು ಏಳ್ಲಿಲ್ಲ."

"ಸಮಭಾಜಕ ವೃತ್ತ?" ಎಂದೆ.

"ಮೈಕಲ್ಲಿ ಹೇಳಿದ್ರು, ದಾಟ್ತಾ ಇದ್ದೀವಿ, ಎಲ್ಲರೂ ಮೇಲೆ ಬನ್ನಿ ಅಂತ. ಎಲ್ಲರೂ ಹೋದ್ರು. ನಾನು ಬಕೆಟ್ ಹಿಡ್ಕೊಂಡು ಮಲಗಿದ್ದೆ."

ಇಷ್ಟು ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಅದೇ ಸಂಜೆ ನಾನು ಮೊದಲ ಪುಸ್ತಕ ಶುರು ಮಾಡಿದೆ. ಐದು ಅಂಕಣ: ತೂಗಾಟ ಎಷ್ಟು? ಶಬ್ದ ಯಾವುದು, ಎಲ್ಲಿಂದ? ನಿದ್ದೆ ಬಂತೇ? ವಾಂತಿ ಎಷ್ಟು ಸಲ? ಮತ್ತೆ ಅದೇ ಕೋಣೆ ಬೇಕೇ? ಹೋಗಿ ಬಂದ ಪ್ರತಿಯೊಬ್ಬರನ್ನೂ ಕೂರಿಸಿ, ಚಹಾ ತರಿಸಿ, ಈ ಐದೂ ಕೇಳದೆ ಬಿಡಬಾರದೆಂದು ತೀರ್ಮಾನಿಸಿದೆ.

ಅದಕ್ಕಿಂತ ಮೊದಲು ಅಕ್ಕೋರ ಹಲಗೆಯ ಮಾತನ್ನು ಪರೀಕ್ಷಿಸಬೇಕಿತ್ತು. ದಿನಾ ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆನಲ್ಲ, ಅರ್ಧ ನೀರು ತುಂಬಿದ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ದಿನಕ್ಕೊಂದು ಸಾಲಿನಲ್ಲಿ ಕೂತೆ. ಬಾಟಲಿಯ ಮೇಲೆ ನಾನು ಎಳೆದ ಗೆರೆ ಮೀರಿ ನೀರು ಎಷ್ಟು ಸಲ ಚಿಮ್ಮುತ್ತದೆ ಎಂದು ಎಣಿಸಿದೆ. ಆ ಬಸ್ಸಿನ ಕಂಡಕ್ಟರ್ ಮೂರನೇ ದಿನ ತಡೆಯಲಾರದೆ ಕೇಳಿದ.

"ಏನ್ರೀ ಮೇಡಂ, ನಿನ್ನೆ ಹಿಂದ, ಇವತ್ತು ಮುಂದ. ಬಾಟ್ಲಿಗೆ ಸೀಟ್ ಸರಿ ಹೊಂದವಲ್ದಾ?"

"ಎಲ್ಲಿ ಕಡಿಮೆ ಅಲ್ಲಾಡುತ್ತದೆ ನೋಡುತ್ತಿದ್ದೇನೆ."

"ಇಳಿದು ನಡ್ಕೊಂಡು ಹೋದ್ರ ಒಟ್ಟ ಅಲ್ಲಾಡಂಗಿಲ್ಲ ನೋಡ್ರಿ."

ಇಪ್ಪತ್ತೆರಡು ದಿನ ಎಣಿಸಿದೆ. ಹಿಂದಿನ ಗಾಲಿಯ ಮೇಲೆ ಹೆಚ್ಚು, ಹಿಂದಿನ ತುದಿಯ ಸೀಟಿನಲ್ಲಿ ಅದಕ್ಕೂ ಹೆಚ್ಚು, ಮುಂದಿನ ಸೀಟಿನಲ್ಲಿ ಸುಮಾರು, ಎರಡು ಗಾಲಿಗಳ ನಡುವಿನ ಸಾಲಿನಲ್ಲಿ ಎಲ್ಲಕ್ಕಿಂತ ಕಡಿಮೆ. ಮುಂದಿನ ಸೀಟಿನವರಿಗೆ ಹಿತವಾಗುವುದು ರಸ್ತೆ ಕಾಣುವುದರಿಂದ, ಸೀಟು ಅಲ್ಲಾಡದೆ ಇರುವುದರಿಂದ ಅಲ್ಲ. ಸಮುದ್ರದಲ್ಲಿ ರಸ್ತೆಯೂ ಇಲ್ಲ. ಹಾಗಾಗಿ ನಡುಭಾಗ, ಅದರಲ್ಲೂ ಕೆಳಗಿನ ಮಹಡಿ. ಮರದ ತುದಿ ಗಾಳಿಗೆ ತೂಗಿದಷ್ಟು ಬುಡ ತೂಗುವುದಿಲ್ಲ. ನನ್ನ ವಿದ್ಯೆಯಲ್ಲಿ ಅರ್ಧ ಭಾಗ ಇಷ್ಟೇ.

ಇನ್ನರ್ಧ ಶಬ್ದದ್ದು. ಅದನ್ನು ಕಲಿಯಲು ವರ್ಷಗಳು ಹಿಡಿದವು, ಮತ್ತು ಎಷ್ಟೋ ಜನ ನನಗಾಗಿ ನಿದ್ದೆಗೆಟ್ಟರು. ನಕ್ಷೆಯಲ್ಲಿ ನಡುಭಾಗದ, ಕಿಟಕಿ ಇರುವ ಅಚ್ಚುಕಟ್ಟಾದ ಕೋಣೆ ನೋಡಿ ಒಂದು ಹೊಸ ಜೋಡಿಗೆ ಕೊಟ್ಟೆ. "ಬೆಳಿಗ್ಗೆ ಐದಕ್ಕೇ ತಲೆ ಮೇಲೆ ಯಾರೋ ಕಟ್ಟಿಗೆ ಎಳೆದಂಗೆ ಆಗೋದು ಮೇಡಂ" ಎಂದರು. ಅವರ ಮೇಲಿನ ಮಹಡಿಯಲ್ಲಿ ಈಜುಕೊಳ, ಅದರ ಸುತ್ತ ನೂರಾರು ಕುರ್ಚಿ. ಕೋಣೆಗೆ ನೆರೆಹೊರೆ ನಾಲ್ಕು ಕಡೆ ಅಲ್ಲ, ಆರು ಕಡೆ ಎಂದು ಅವತ್ತು ತಿಳಿಯಿತು. ಅಂದಿನಿಂದ ಪಾರದರ್ಶಕವಾದ ಎಣ್ಣೆ ಕಾಗದದ ಮೇಲೆ ಒಂದೊಂದು ಮಹಡಿಯ ನಕಲು ತೆಗೆದು, ಒಂದರ ಮೇಲೊಂದು ಇಟ್ಟು, ಬೆಳಕಿಗೆ ಹಿಡಿದು ನೋಡುವ ಪದ್ಧತಿ ಮಾಡಿಕೊಂಡೆ. ಮೇಲೂ ಕೆಳಗೂ ಮಲಗುವ ಕೋಣೆಗಳೇ ಇರಬೇಕು. ಅಡುಗೆಮನೆ, ಕುಣಿಯುವ ಹಾಲ್, ಓಡುವ ದಾರಿ ಯಾವುದೂ ಇರಕೂಡದು. ಲಿಫ್ಟಿಗೆ ಅಂಟಿಕೊಂಡಿರಬಾರದು, ಮೆಟ್ಟಿಲಿಗೆ ತೀರಾ ದೂರವೂ ಇರಬಾರದು.

ಪಕ್ಕದ ಕೋಣೆಗೆ ನಡುಬಾಗಿಲು ಇರುವ ಕೋಣೆಗಳೂ ಬೇಡ. ಶಿಕಾರಿಪುರದ ಬಟ್ಟೆ ಅಂಗಡಿಯ ಕುಟುಂಬವೊಂದಕ್ಕೆ ಅಂಥದ್ದು ಸಿಕ್ಕಿತ್ತು. ಆಚೆ ಬದಿಯ ಗಂಡ ಹೆಂಡತಿ ನಾಲ್ಕು ದಿನ ಮರಾಠಿಯಲ್ಲಿ ಜಗಳ ಆಡಿದರಂತೆ. "ನಿದ್ದೆ ಇಲ್ಲ, ಆದ್ರ ಮರಾಠಿ ಬಂತು" ಎಂದು ಮನೆಯೊಡತಿ ವರದಿ ಕೊಟ್ಟರು. ಯಾವ ಅಂಕಣದಲ್ಲಿ ಬರೆಯುವುದೆಂದು ತಿಳಿಯದೆ ಅಂಚಿನಲ್ಲಿ ಬರೆದಿಟ್ಟಿದ್ದೇನೆ.

ದಿಕ್ಕು ಕೇಳಿದವರ ಲೆಕ್ಕವೂ ಇದೆ, ನಲವತ್ತೊಂದು. ಇನ್ನೊಬ್ಬ ಜೋಳದ ವ್ಯಾಪಾರಿ ಮೇಜು ತಟ್ಟಿ ಹೇಳಿದ್ದರು, "ತಲಿ ಮಾತ್ರ ಉತ್ತರಕ್ಕ ಬರಬಾರ್ದು ನೋಡಮ್ಮ."

"ಹಡಗು ತಿರುಗುತ್ತಾ ಇರುತ್ತದೆ ಸಾರ್. ದಿಕ್ಕು ಒಂದೇ ಕಡೆ ನಿಲ್ಲುವುದಿಲ್ಲ."

"ಅದು ತಿರುಗಿದ್ರ ನಾವೂ ತಿರುಗಿ ಮಲಗ್ತೀವಿ ಬಿಡು."

ದಿಕ್ಸೂಚಿ ಕೊಂಡುಕೊಂಡೇ ಹೋದರು. ಗಂಡ ಒಂದು ರಾತ್ರಿಗೆ ಏಳು ಸಲ ದಿಂಬು ಬದಲಿಸಿದರೆಂದು ಅವರ ಹೆಂಡತಿ ವರದಿ ಮಾಡಿದರು. ನಿದ್ದೆ: ಇಲ್ಲ. ಕಾರಣ: ಹಡಗು ಅಲ್ಲ, ಗಂಡ.

ಹೊಸಬರು ಮರೆಯಬಾರದ ಒಂದು ಹೆಸರು ವೀರಭದ್ರಪ್ಪನವರದು. ಶಿಕಾರಿಪುರದಲ್ಲಿ ಮೂವತ್ತೆಂಟು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಜೀವಮಾನವೆಲ್ಲ ಶಬ್ದದಲ್ಲಿ ಕಳೆದ ಮನುಷ್ಯ, ಇವರಿಗಾದರೂ ನೆಮ್ಮದಿ ಕೊಡೋಣವೆಂದು ಎರಡು ದಿನ ಎಣ್ಣೆ ಕಾಗದ ಹಿಡಿದು ಇಡೀ ಹಡಗಿನಲ್ಲೇ ನಿಶ್ಶಬ್ದವಾದ ಕೋಣೆ ಹುಡುಕಿ ಕೊಟ್ಟೆ. ಬಂದವರ ಕಣ್ಣು ಕೆಂಪಗಿತ್ತು.

"ಏನು ಶಬ್ದ ಇತ್ತು ಸಾರ್?" ಎಂದು ಪುಸ್ತಕ ತೆರೆದೆ.

"ಶಬ್ದಾನ ಇಲ್ಲಲ್ಲಮ್ಮ! ಬಿಕೋ ಅಂತಿತ್ತು. ಗಿರಣಿ ನಿಂತ್ರ ನಂಗ ಎಚ್ಚರ ಆಗ್ತದ, ಏನ್ ಕೆಟ್ತೋ ಏನೋ ಅಂತ. ನಾಲ್ಕು ರಾತ್ರಿನೂ ಎದ್ದು ಕೂತೀನಿ."

ಮುಂದಿನ ವರ್ಷ ಅವರಿಗೆ ಹಿಂಭಾಗದ ಕೆಳಮಹಡಿಯಲ್ಲಿ, ಎಲ್ಲರೂ ದೂರುವ, ಯಂತ್ರದ ಗುಂಯ್ ಎನ್ನುವ ಸದ್ದು ಸದಾ ಬರುವ ಕೋಣೆ ಕೊಟ್ಟೆ. "ಮಗು ಮಲಗಿದಂಗ ಮಲಗಿದ್ರು. ನಂಗೆ ಹೆಂಗೂ ಕಿವಿ ಮಂದ" ಎಂದರು ಅವರ ಹೆಂಡತಿ. ಒಳ್ಳೆಯ ಕೋಣೆ ಎಂದು ನಕ್ಷೆಯಲ್ಲಿ ಎಲ್ಲೂ ಇಲ್ಲ. ಕೋಣೆಗೆ ಮೊದಲು ಮನುಷ್ಯನನ್ನು ಕೇಳಬೇಕು. ದಿನಾ ಎಲ್ಲಿ ಮಲಗುತ್ತೀರಿ, ಪಕ್ಕದಲ್ಲಿ ಏನು ಸದ್ದಿರುತ್ತದೆ, ಬಸ್ಸಿನಲ್ಲಿ ಎಲ್ಲಿ ಕೂರುತ್ತೀರಿ.

ನಡುವೆ ಎರಡು ವರ್ಷ ಹಡಗುಗಳೇ ನಿಂತಿದ್ದವು. ಮತ್ತೆ ಶುರುವಾದಾಗ ಕಾಗದದ ನಕ್ಷೆ ಹೋಗಿ ಎಲ್ಲ ಫೋನಿಗೆ ಬಂದಿತ್ತು. ಫೋನಿನಲ್ಲಿ ಒಮ್ಮೆಗೆ ಒಂದೇ ಮಹಡಿ ಕಾಣುತ್ತದೆ, ಮೇಲೇನಿದೆ ಕೆಳಗೇನಿದೆ ತಿಳಿಯುವುದಿಲ್ಲ. "ಅತ್ಯುತ್ತಮ ಆಯ್ಕೆ" ಎಂದು ಅದು ಹಸಿರು ಬಣ್ಣದಲ್ಲಿ ತೋರಿಸಿದ ಕೋಣೆಗಳನ್ನು ಒಂದು ಸೀಸನ್ ಪೂರ್ತಿ ಪರೀಕ್ಷಿಸಿದೆ. ಇಪ್ಪತ್ತಾರರಲ್ಲಿ ಹನ್ನೊಂದು ಲಿಫ್ಟಿನ ಪಕ್ಕದಲ್ಲಿದ್ದವು. ಈಗಲೂ ಪ್ರಿಂಟ್ ತೆಗೆಯಿರಿ ಎಂದು ಹೊಸಬರಿಗೆ ಹೇಳಿ ಬಂದಿದ್ದೇನೆ. ಎಣ್ಣೆ ಕಾಗದ ಎಡಗಡೆಯ ಎರಡನೇ ಡ್ರಾಯರಿನಲ್ಲಿದೆ.

ಈ ಎಂಟು ವರ್ಷವೂ ಪುಸ್ತಕದ ಮೊದಲ ಸಾಲು ಶಾರದಾ ಅಕ್ಕೋರದ್ದೇ ಆಗಿತ್ತು. ವಾಂತಿ: ಎಣಿಸಿಲ್ಲ. ಮತ್ತೆ ಅದೇ ಕೋಣೆ: ಬೇಡ. ಪುಸ್ತಕ ತೆರೆದಾಗೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಹೊಸ ಪುಸ್ತಕ ಶುರು ಮಾಡಿದಾಗಲೂ ಅದನ್ನು ನಕಲು ಮಾಡಿಕೊಳ್ಳುತ್ತಿದ್ದೆ.

ಹೋದ ವರ್ಷ ಫೆಬ್ರವರಿ ೬ರಂದು ಹಡಗಿನ ಕಂಪನಿಯಿಂದ ಸುದ್ದಿ ಬಂತು. ಸೇಶೆಲ್ಸ್ ಕಡೆಯ ಯಾನ ಈ ಏಪ್ರಿಲ್‌ಗೆ ಕೊನೆ, ಮುಂದಿನ ವರ್ಷದಿಂದ ಆ ಹಡಗು ಬೇರೆ ಸಮುದ್ರಕ್ಕೆ ಹೋಗುತ್ತದೆ. ಹಿಂದೆ ಮುಂದೆ ನೋಡದೆ ಉಳವಿಗೆ ಫೋನ್ ಮಾಡಿದೆ.

ಮೂರನೇ ದಿನ ಅಕ್ಕೋರು ಬಂದರು. ಅರವತ್ತೊಂಬತ್ತು ವಯಸ್ಸು, ಅದೇ ಕನ್ನಡಕ, ಚೀಲದಲ್ಲಿ ನಿಂಬೆಹಣ್ಣು ಈಗ ನಾಲ್ಕು. ಮನೆಯಲ್ಲಿ ಅವರ ತಮ್ಮ ಬೇಡವೆಂದು ಹಟ ಹಿಡಿದಿದ್ದನಂತೆ. "ಹೋದ್ಸಲ ಹೋಗಿ ಅರ್ಧ ಆಗಿ ಬಂದಿದ್ದೆ, ಈ ಸಲ ಉಳಿದರ್ಧಾನೂ ಬಿಟ್ಟು ಬರ್ತೀಯಾ ಅಂತ ಕೇಳ್ತಾನೆ."

"ನೀವೇನು ಹೇಳಿದಿರಿ?"

"ಈ ಸಲ ಸವಿತಾ ಸರಿಯಾಗಿ ಆರಿಸ್ತಾಳೆ ಅಂದೆ."

ಅವತ್ತಿನ ದಿನಚರಿಯಲ್ಲಿ "ಊಟ ಸೇರಲಿಲ್ಲ" ಎಂದಿದೆ. ಆ ಗೆರೆಯನ್ನು ಅವರು ಎಚ್ಚರವಾಗಿ, ನಿಂತುಕೊಂಡು ದಾಟಬೇಕು. ಈ ಸಲ ತಪ್ಪಿದರೆ ಮತ್ತೊಂದು ಸಲ ಇಲ್ಲ. ನಾಲ್ಕು ಪುಸ್ತಕಗಳನ್ನೂ ಎದುರಿಗಿಟ್ಟುಕೊಂಡು ಆ ಹಡಗಿನಿಂದ ಬಂದ ಎಲ್ಲ ವರದಿಗಳನ್ನೂ ತೆಗೆದೆ. ಒಂಬತ್ತು ದಿನ ಹಿಡಿಯಿತು. ಕೊನೆಗೆ ಸಿಕ್ಕಿದ್ದು ನಾಲ್ಕನೇ ಮಹಡಿಯ ನಡುಭಾಗದ ಒಂದು ಸಣ್ಣ ಕೋಣೆ. ಗುಂಡು ಕಿಟಕಿ, ಎರಡು ಹಾಸಿಗೆ, ಮೇಲೆ ಕೆಳಗೆ ಅಕ್ಕಪಕ್ಕ ಮಲಗುವ ಕೋಣೆಗಳೇ. ಅದರಲ್ಲಿದ್ದು ಬಂದವರು ಹದಿನಾಲ್ಕು ಜನ. ಎಲ್ಲರ ಸಾಲಿನಲ್ಲೂ ವಾಂತಿ ಸೊನ್ನೆ.

ಕೋಣೆ ಕಾದಿರಿಸಿ ನೆಮ್ಮದಿಯಾಗಿದ್ದೆ. ಮಾರ್ಚ್ ೧೮ಕ್ಕೆ ಕಂಪನಿಯಿಂದ ಸಂದೇಶ: ಹಿರಿಯ ಪ್ರಯಾಣಿಕರೆಂದು ಅಕ್ಕೋರಿಗೆ ಮೇಲಿನ ದರ್ಜೆಯ ಕೋಣೆಯನ್ನು ಉಚಿತವಾಗಿ ಕೊಡುತ್ತಾರೆ. ಒಂಬತ್ತನೇ ಮಹಡಿ, ಬಾಲ್ಕನಿ, ಹಡಗಿನ ಮುಂಭಾಗ.

"ಬೇಡ ಎಂದು ಬರೆಯುತ್ತೇನೆ" ಎಂದೆ.

ಚನ್ನಬಸಪ್ಪನವರು ಎದ್ದೇ ನಿಂತರು. "ನಿಂಗೇನ್ ತಲಿ ಕೆಟ್ಟೈತೇನು? ಪುಕ್ಕಟೆ ಕೊಡಾಕತ್ತಾರ! ಶಿರಾಳಕೊಪ್ಪದಾಗ ಇಲ್ಲೀತನಕ ಯಾರಿಗೂ ಕೊಟ್ಟಿಲ್ಲ!" ನನ್ನನ್ನು ನಂಬದೆ ತಾವೇ ಅಕ್ಕೋರಿಗೆ ಫೋನ್ ಹಚ್ಚಿದರು. "ಅಕ್ಕೋರೇ, ಬಾಲ್ಕನಿ ಅಂತ್ರೀ, ಬಾಲ್ಕನಿ!"

ಆ ಕಡೆಯ ದನಿ ನನಗೂ ಕೇಳಿಸಿತು. "ಅದು ಹಡಗಿನ ಯಾವ ಕಡೆ ಬರ್ತದೆ ಚನ್ನಬಸಪ್ಪ?"

"ಮುಂದ್ರೀ. ಫಸ್ಟ್ ಕ್ಲಾಸ್."

"ಬಾಲ್ಕನಿ ಉಳವಿಯಲ್ಲೇ ಇದೆ. ಸವಿತಾ ಹೇಳಿದ ಹಾಗೆ ಮಾಡು."

ಇಷ್ಟಕ್ಕೇ ಮುಗಿದಿದ್ದರೆ ನಾನು ಹಡಗು ಹತ್ತದೆಯೇ ನಿವೃತ್ತಳಾಗುತ್ತಿದ್ದೆ. ಹೊರಡಲು ಹನ್ನೆರಡು ದಿನ ಇರುವಾಗ ಜೊತೆಗೆ ಬರಬೇಕಿದ್ದ ಅಕ್ಕೋರ ನಾದಿನಿ ಮೊಣಕಾಲು ನೋವೆಂದು ಹಿಂದೆ ಸರಿದರು. ಒಬ್ಬರನ್ನೇ ಕಳಿಸಲು ತಮ್ಮ ಖಂಡಿತ ಒಪ್ಪುವುದಿಲ್ಲ. ಅಕ್ಕೋರು ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ಕೂತರು.

"ಇನ್ನೊಂದು ಹಾಸಿಗೆ ಖಾಲಿ ಇದೆ. ನೀನೇ ಬಾ. ನೀನು ಆರಿಸಿದ ಕೋಣೇಲಿ ನೀನೇ ಮಲಗಿ ನೋಡು."

"ನಾನು... ಕೌಂಟರ್ ಇದೆ, ಅಕ್ಕೋರೇ."

"ಹೋಗು ಹೋಗು" ಎಂದರು ಚನ್ನಬಸಪ್ಪನವರು. "ಎಂಟು ವರ್ಷದಿಂದ ಕಂಡೋರ್ನ ಸಮುದ್ರಕ್ಕ ದಬ್ಬಾಕತ್ತೀಯ. ನೀನೂ ಒಮ್ಮೆ ಬಿದ್ದು ನೋಡು."

ಪಾಸ್‌ಪೋರ್ಟ್ ಮಾಡಿಸಿ ಆರು ವರ್ಷವಾಗಿತ್ತು. ಅದರಲ್ಲಿ ಒಂದು ಮುದ್ರೆಯೂ ಬಿದ್ದಿರಲಿಲ್ಲ.

ಏಪ್ರಿಲ್ ೯ರ ಸಂಜೆ ಮುಂಬೈ ಬಿಟ್ಟೆವು. ಹಡಗು ಕಂಡಾಗ ನನಗೆ ಅನ್ನಿಸಿದ್ದು ಒಂದೇ, ಎಣ್ಣೆ ಕಾಗದದಲ್ಲಿ ಇದು ಇಷ್ಟು ಎತ್ತರ ಇರಲಿಲ್ಲ. ಆದರೆ ಒಳಗೆ ಕಾಲಿಟ್ಟ ಮೇಲೆ ಎಲ್ಲಿ ಯಾವುದಿದೆ ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ಎಡಕ್ಕೆ ಮೆಟ್ಟಿಲು, ಹದಿನೇಳು ಹೆಜ್ಜೆಗೆ ನಮ್ಮ ಬಾಗಿಲು. ಅಕ್ಕೋರು, "ಮೊದಲೇ ಬಂದಿದ್ದೀಯಾ ಹೇಗೆ?" ಎಂದು ಕನ್ನಡಕದ ಮೇಲಿಂದ ನೋಡಿದರು.

ಮೊದಲ ರಾತ್ರಿ ಅವರು ಹಾಯಾಗಿ ನಿದ್ದೆ ಮಾಡಿದರು. ಎರಡನೇ ದಿನ ಉಪ್ಪಿಟ್ಟು ತಿಂದು, ಇನ್ನೊಂದು ಸಲ ಹಾಕಿಸಿಕೊಂಡರು. ನನ್ನ ಎಂಟು ವರ್ಷದ ಶ್ರಮ ಫಲ ಕೊಡುತ್ತಿದೆ ಎಂಬ ಹಿಗ್ಗಿನಲ್ಲಿ ನಾನು ಪುಸ್ತಕ ಹಿಡಿದು ಕೂತೆ. ಕೇಳಿ ಬರೆದದ್ದು ಸಾಕು, ನೋಡಿ ಬರೆಯೋಣ ಎಂದು ಬಾಟಲಿ ಮೇಜಿನ ಮೇಲಿಟ್ಟು, ನಿಮಿಷಕ್ಕೆ ಎಷ್ಟು ತೂಗಾಟವೆಂದು ಎಣಿಸಿ ಗೀರು ಹಾಕುತ್ತಾ ಹೋದೆ. ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ. ೧೧ನೆಯ ತಾರೀಕು ಮೂರೂವರೆಗೆ ಗೀರುಗಳು ಹಾಳೆಯ ಮೇಲೆ ತಾವಾಗಿಯೇ ನಡೆಯತೊಡಗಿದವು. ಬಕೆಟ್ ಹುಡುಕಿಕೊಂಡು ಓಡಿದೆ.

ಬಸ್ಸಿನಲ್ಲಿ, ಕಾರಿನಲ್ಲಿ, ಘಾಟಿಯಲ್ಲಿ ಎಂದೂ ವಾಂತಿ ಮಾಡದ ನಾನು, ಹದಿನಾಲ್ಕು ಸೊನ್ನೆಗಳಿದ್ದ ಕೋಣೆಯಲ್ಲಿ ಸುತ್ತು ಬಂದು ಬಿದ್ದೆ. ಅಕ್ಕೋರು ನಿಂಬೆಹಣ್ಣು ಕತ್ತರಿಸಿ ಮೂಗಿಗೆ ಹಿಡಿದರು.

"ತಲೆ ಬಗ್ಗಿಸಿ ಬರೀತಾ ಕೂತ್ರೆ ಇನ್ನೇನಾಗ್ತದೆ? ಬಸ್ಸಲ್ಲಿ ಓದ್ಬೇಡಿ ಅಂತ ಎರಡನೇ ಕ್ಲಾಸಿನ ಮಕ್ಳಿಗೂ ಹೇಳ್ತಿದ್ದೆ ನಾನು. ತಾ ಇಲ್ಲಿ." ಪುಸ್ತಕ, ಪೆನ್ನು ಎರಡನ್ನೂ ಕಸಿದು ಚೀಲಕ್ಕೆ ಹಾಕಿಕೊಂಡರು.

೧೩ಕ್ಕೆ ಎದ್ದು ಓಡಾಡುವಷ್ಟಾದೆ. ಮರುದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಸಮಭಾಜಕ ವೃತ್ತ ದಾಟುತ್ತೇವೆಂದು ಮೈಕಿನಲ್ಲಿ ಹೇಳಿದರು. ಅಕ್ಕೋರು ಇಸ್ತ್ರಿ ಮಾಡಿದ ಸೀರೆ ತೆಗೆದಿಟ್ಟರು. ಆದರೆ ಎರಡು ದಿನದ ಲೆಕ್ಕ ಖಾಲಿ ಉಳಿದದ್ದು ನನ್ನ ತಲೆ ತಿನ್ನುತ್ತಿತ್ತು. ೧೪ರ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಊಟದ ಹಾಲಿನಿಂದ ತಂದ ತಿಂಡಿಪಟ್ಟಿಯ ಬೆನ್ನಿಗೆ, ಅವರದೇ ಕೆಂಪು ಪೆನ್ನಿನಲ್ಲಿ, ಇಪ್ಪತ್ತು ನಿಮಿಷ ಗೀರು ಹಾಕಿದೆ. ಅಷ್ಟೇ ಸಾಕಾಯಿತು.

ಹತ್ತೂವರೆಗೆ ನಾನು ಬಕೆಟ್ ಹಿಡಿದು ಮಲಗಿದ್ದೆ. ಹೊರಗೆ ಜನ ದಡಬಡ ಮೆಟ್ಟಿಲು ಹತ್ತುವ ಸದ್ದು. ಇಸ್ತ್ರಿ ಸೀರೆ ಉಟ್ಟ ಅಕ್ಕೋರು ನನ್ನ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು.

"ನೀವು ಹೋಗಿ ಅಕ್ಕೋರೇ, ಹೊತ್ತಾಯಿತು."

"ಹೋದ್ಸಲ ನಾನು ಒಬ್ಳೇ ಮಲಗಿದ್ದೆ. ಎಲ್ಲರೂ ಹೋದ್ರು" ಎಂದರು. ಏಳಲಿಲ್ಲ.

ಹತ್ತು ನಲವತ್ತು. ನನ್ನಿಂದಾಗಿ ಎರಡನೇ ಸಲವೂ ಅವರ ಗೆರೆ ತಪ್ಪುತ್ತಿತ್ತು. ಅದೂ ಈ ಸಲ ಕೋಣೆಯ ತಪ್ಪೂ ಅಲ್ಲ. ಎಲ್ಲರೂ ಸೇರುತ್ತಿದ್ದ ಹನ್ನೆರಡನೇ ಮಹಡಿಗೆ ಹತ್ತಲು ನನಗೆ ಸಾಧ್ಯವೇ ಇರಲಿಲ್ಲ. ಕಣ್ಣು ಮುಚ್ಚಿ ಎಣ್ಣೆ ಕಾಗದಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ನಾಲ್ಕು, ಅದರ ಮೇಲೆ ಐದು. ಐದನೇ ಮಹಡಿಯ ನಡುಭಾಗದಲ್ಲಿ, ಲೈಫ್‌ಬೋಟುಗಳ ಕೆಳಗೆ, ಹಡಗಿನ ಪಕ್ಕಕ್ಕೆ ಹೋಗುವ ತೆರೆದ ಓಣಿ ಒಂದಿತ್ತು. ಗದ್ದಲ ಆಗಬಹುದೆಂದು ನಾನು ಯಾವಾಗಲೂ ಕೆಂಪು ಗುರುತು ಹಾಕುತ್ತಿದ್ದ ಜಾಗ.

"ಹದಿನೇಳು ಹೆಜ್ಜೆ, ಆಮೇಲೆ ಒಂದೇ ಮಹಡಿ ಮೆಟ್ಟಿಲು. ಎಡಕ್ಕೆ ಭಾರದ ಬಾಗಿಲು" ಎಂದು ಎದ್ದೆ. ಅಕ್ಕೋರು ನನ್ನ ತೋಳು ಹಿಡಿದರು, ನಾನು ಬಕೆಟ್ ಹಿಡಿದೆ.

ಆ ಓಣಿಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಎಲ್ಲರೂ ಮೇಲಿದ್ದರು. ಕಂಬಿಯ ಆಚೆ ನೀರು ಕೈಗೆ ಸಿಗುವಷ್ಟು ಹತ್ತಿರ. ಗಾಳಿ ಬಡಿದು ನನ್ನ ಹೊಟ್ಟೆ ಎಷ್ಟೋ ತಣ್ಣಗಾಯಿತು. ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ಹಡಗು ಉದ್ದಕ್ಕೆ ಕೂಗು ಹಾಕಿತು, ಮೇಲಿಂದ ಜನರ ಕೇಕೆ ಕೇಳಿಸಿತು. ಅಕ್ಕೋರು ಚಪ್ಪಲಿ ಬಿಟ್ಟು, ಎರಡೂ ಕಾಲು ಜೋಡಿಸಿ, ಪ್ರಾರ್ಥನೆಗೆ ನಿಂತವರ ಹಾಗೆ ನಿಂತಿದ್ದರು.

"ಗೆರೆ ಎಲ್ಲಿ ಅಕ್ಕೋರೇ?" ಎಂದೆ.

"ದಾಟಿ ಆಯ್ತು. ನೀನು ಬಕೆಟ್ ನೋಡ್ತಿದ್ದೆ" ಎಂದು ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ನೀರನ್ನೇ ನೋಡುತ್ತಿದ್ದರು. ಏನು ನೋಡುತ್ತಿದ್ದೀರಿ ಎಂದರೆ, "ಇರು" ಎಂದಷ್ಟೇ ಹೇಳಿದರು.

ಏಪ್ರಿಲ್ ೧೮ರ ಮಧ್ಯಾಹ್ನ ಶಿವಮೊಗ್ಗದಿಂದ ಸೊರಬದ ಬಸ್ಸಿನಲ್ಲಿ ಬಂದೆವು. ಅಕ್ಕೋರು ಹತ್ತಿದ ಕೂಡಲೇ ಮುಂದಿನ ಸೀಟಿನವರು ಎದ್ದು ಜಾಗ ಬಿಟ್ಟರು. "ಬೇಡಪ್ಪ" ಎಂದು ಅವರು ನಡುವಿನ ಸಾಲಿಗೆ ಬಂದು ಕೂತರು. ಶಿಕಾರಿಪುರದಲ್ಲಿ ನಾನು ಇಳಿದೆ. ಬಸ್ಸು ಹೊರಡುವಾಗ ಕಿಟಕಿಯಿಂದ ಕೈ ಚಾಚಿ ನನ್ನ ಪುಸ್ತಕ ಕೊಟ್ಟರು. ಏಳು ದಿನದಿಂದ ಅದು ಅವರ ಚೀಲದಲ್ಲೇ ಇತ್ತು.

ನಿಲ್ದಾಣದಲ್ಲೇ ತೆರೆದೆ. ನನ್ನ ಐದು ಅಂಕಣಗಳ ಪಕ್ಕದಲ್ಲಿ ಸ್ಕೇಲಿಟ್ಟು ಕೆಂಪು ಇಂಕಿನಲ್ಲಿ ಆರನೆಯದೊಂದು ಎಳೆದಿದ್ದರು. ತಲೆಬರಹ: "ಏನು ಕಂಡಿತು?" ಆರುನೂರು ಜನರನ್ನು ಎದುರಿಗೆ ಕೂರಿಸಿ ಚಹಾ ಕೊಟ್ಟು ನಾನು ಕೇಳದೆ ಬಿಟ್ಟಿದ್ದ ಪ್ರಶ್ನೆ ಅದು. ಈಗ ಕೌಂಟರಿನಲ್ಲಿರುವ ಪುಸ್ತಕಕ್ಕೆ ಆರು ಅಂಕಣ. ನಾನೇ ಹೊಲಿದು ಕೊಟ್ಟದ್ದು.

ಅವರ ಸಾಲು ಹೀಗಿತ್ತು. ತೂಗಾಟ: ತೊಟ್ಟಿಲಿನಷ್ಟು. ಶಬ್ದ: ಇಲ್ಲ, ಸವಿತಾಳ ಗೊರಕೆ ಬಿಟ್ಟು. ನಿದ್ದೆ: ಪೂರ್ತಿ. ವಾಂತಿ: ಸೊನ್ನೆ. ಮತ್ತೆ ಅದೇ ಕೋಣೆ: ಬೇಕು. ಏನು ಕಂಡಿತು: ನೀಲಿ ಅಲ್ಲ, ನೇರಳೆ ಹಣ್ಣಿನ ಬಣ್ಣ. ಮೂವತ್ತೊಂದು ವರ್ಷ ಮಕ್ಕಳಿಗೆ ತಪ್ಪು ಸೀಮೆಸುಣ್ಣದಲ್ಲಿ ತೋರಿಸಿದ್ದೆ.

ಅದರ ಕೆಳಗೆ ನನ್ನ ಹೆಸರು. ವಾಂತಿ: ಏಳು. ಆರನೇ ಅಂಕಣದಲ್ಲಿ ಉತ್ತರ ಇರಲಿಲ್ಲ. ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದರು: "ಇದನ್ನು ನೀನೇ ಬರಿ. ಬಸ್ಸಿನಿಂದ ಇಳಿದ ಮೇಲೆ."